ಹತ್ತನೇ ಕ್ಲಾಸಲ್ಲಿ ‘ಇಲ್ಲ’, ಪಿಯುಸಿಯಲ್ಲಿ ‘ಎರಡು’: ಖರೆ ಯಾವುದು?

ಪ್ರಶ್ನೆ: ಸರ್, ನಾನು ಸೇಡಂ ಕಡೆಯ ಹಳ್ಳಿಯವಳು. ಹತ್ತನೇ ತನಕ ಕನ್ನಡ ಮೀಡಿಯಂ. ಈಗ ದಿನಾ ಬಸ್ಸಲ್ಲಿ ಕಲಬುರಗಿಗೆ ಬಂದು ಪಿಯುಸಿ ಸೈನ್ಸ್ ಫಸ್ಟ್ ಇಯರ್ ಓದ್ತಿದ್ದೀನಿ. ಹತ್ತನೇ ಕ್ಲಾಸಲ್ಲಿ ವರ್ಗ ಸಮೀಕರಣದ ಲೆಕ್ಕದಲ್ಲಿ ಬಿ² − 4ಎಸಿ ಮೈನಸ್ ಬಂದರೆ ‘ಮೂಲಗಳಿಲ್ಲ’ ಅಂತ ಬರೆದು ಪೂರ್ತಿ ಮಾರ್ಕ್ಸ್ ತಗೊಂಡಿದ್ದೆ. ಈಗ ಅದೇ ಥರದ ಲೆಕ್ಕಕ್ಕೆ ಹಾಗೆ ಬರೆದರೆ ತಪ್ಪು, ಎರಡು ಮೂಲ ಬರೀಬೇಕಂತೆ. ಖರೆ ಯಾವುದು ಸರ್? ಮೂಲ ಇದ್ದರೆ ಗ್ರಾಫಲ್ಲಿ ಯಾಕೆ ಕಾಣಲ್ಲ? ಕಾಣದೇ ಇರೋದು ಯಾವ ಕೆಲಸಕ್ಕೆ ಬರುತ್ತೆ?

ಉತ್ತರ: ತಂಗಿ, ಎರಡೂ ಖರೆ.

ನಿನ್ನ ಹತ್ತನೇ ಕ್ಲಾಸಿನ ಪುಸ್ತಕ ರದ್ದಿಗೆ ಹೋಗಿರದಿದ್ದರೆ ತೆಗೆದು ನೋಡು. ವರ್ಗ ಸಮೀಕರಣದ ಪಾಠದಲ್ಲಿ, ಶೋಧಕ, ಅಂದರೆ ನೀನು ಬರೆದ ಆ ಬಿ² − 4ಎಸಿ, ಸೊನ್ನೆಗಿಂತ ಕಡಿಮೆ ಬರುವ ಕಡೆ, ‘ಮೂಲಗಳಿಲ್ಲ’ ಅಂತ ಬರೆದಿಲ್ಲ. ‘ವಾಸ್ತವ ಮೂಲಗಳಿಲ್ಲ’ ಅಂತ ಬರೆದಿದೆ. ಆ ‘ವಾಸ್ತವ’ ಅನ್ನೋ ಪದವನ್ನು ನಾವು ಮೇಷ್ಟ್ರುಗಳೇ ನುಂಗಿಬಿಡುತ್ತೇವೆ. ಪೀರಿಯಡ್ ಮುಗಿಯುತ್ತಾ ಬಂದಿರುತ್ತೆ, ಬೋರ್ಡಿನ ಮೇಲೆ ಜಾಗ ಇರೋದಿಲ್ಲ, ‘ಇಲ್ಲ’ ಅಂತ ಗೀಚಿ ಮುಂದಿನ ಲೆಕ್ಕಕ್ಕೆ ಹೋಗುತ್ತೇವೆ. ನಾನೂ ಬಹಳ ವರ್ಷ ಹಾಗೇ ಮಾಡಿದವನು. ನಿನಗೆ ಸಿಕ್ಕ ‘ಇಲ್ಲ’ದ ಅರ್ಥ ಇಷ್ಟೇ: ಅವತ್ತಿನವರೆಗೆ ನಿನಗೆ ಗೊತ್ತಿದ್ದ ಸಂಖ್ಯೆಗಳಲ್ಲಿ ಯಾವುದೂ ಇದಕ್ಕೆ ಹೊಂದೋದಿಲ್ಲ. ಸಣ್ಣ ಕ್ಲಾಸಲ್ಲಿ ‘5ರಲ್ಲಿ 8 ಹೋಗಲ್ಲ’ ಅಂತ ಕಲಿಸಿದ್ದರು. ಆಮೇಲೆ ಅದೇ ಲೆಕ್ಕಕ್ಕೆ −3 ಅಂದರು. ಆಗ ನೀನು ಯಾರಿಗೂ ಪತ್ರ ಬರೆಯಲಿಲ್ಲ, ಅಲ್ವಾ?

ಒಂದೇ ಒಂದು ಲೆಕ್ಕ ಹಿಡಿದುಕೊಳ್ಳೋಣ. ಮನೆ ಹಿಂದೆ ಆಡಿನ ಮರಿಗಳಿಗೆ ಒಂದು ದೊಡ್ಡಿ ಮಾಡಬೇಕು. ಕೈಯಲ್ಲಿ 40 ಅಡಿ ತಂತಿ ಜಾಲರಿ ಇದೆ, ನಾಲ್ಕೂ ಕಡೆ ಸುತ್ತಬೇಕು. ಅಂದರೆ ಉದ್ದ, ಅಗಲ ಕೂಡಿದರೆ 20 ಅಡಿ. ಅಪ್ಪ 96 ಚದರ ಅಡಿ ಜಾಗ ಬೇಕು ಅಂದರು. ಉದ್ದ ಎಕ್ಸ್ ಆದರೆ ಅಗಲ 20 − ಎಕ್ಸ್. ಗುಣಿಸಿ ಜೋಡಿಸಿದರೆ ಎಕ್ಸ್² − 20ಎಕ್ಸ್ + 96 = 0. ಉತ್ತರ 12 ಮತ್ತು 8. ಇದನ್ನು 10 + 2 ಮತ್ತು 10 − 2 ಅಂತ ಬರೆದಿಟ್ಟುಕೋ, ಆಮೇಲೆ ಬೇಕಾಗುತ್ತೆ.

ಅಪ್ಪ ಸ್ವಲ್ಪ ಜಾಸ್ತಿ ಕೇಳಿದರು, 100 ಚದರ ಅಡಿ. ಆಗ ಶೋಧಕ ಸೊನ್ನೆ. ಉದ್ದವೂ 10, ಅಗಲವೂ 10, ಚೌಕ ದೊಡ್ಡಿ. 40 ಅಡಿ ಜಾಲರಿಯಲ್ಲಿ ಇದಕ್ಕಿಂತ ದೊಡ್ಡ ಆಯತ ಆಗೋದೇ ಇಲ್ಲ. ಆದರೂ ಅಪ್ಪ ಕೇಳಲಿಲ್ಲ, 104 ಬೇಕು ಅಂದರು. ಎಕ್ಸ್² − 20ಎಕ್ಸ್ + 104 = 0. ಶೋಧಕ 400 − 416, ಅಂದರೆ −16. ಹತ್ತನೇ ಕ್ಲಾಸಲ್ಲಾದರೆ ಇಲ್ಲಿಗೆ ಪೆನ್ ಕೆಳಗಿಡುತ್ತಿದ್ದೆ. ಈಗ ನಿನ್ನ ಹತ್ತಿರ ಐ ಇದೆ. ಅದರ ವರ್ಗ −1. ಹಾಗಾಗಿ −16ರ ವರ್ಗಮೂಲ 4ಐ, ಮೂಲಗಳು 10 + 2ಐ ಮತ್ತು 10 − 2ಐ.

ಸುಮ್ನೆ ನಂಬಬೇಡ, ಕೂಡಿ ನೋಡು. 2ಐ ಹೋಗುತ್ತೆ, 20 ಉಳಿಯುತ್ತೆ. ಗುಣಿಸು. 100ರಲ್ಲಿ 4ಐ² ಕಳೆಯಬೇಕು, ಐ² ಅಂದರೆ −1, ಹಾಗಾಗಿ 100 + 4, ಅಂದರೆ 104. ಎರಡೂ ಷರತ್ತು ಸರಿಹೋದವು. ಈಗ ಪಕ್ಕಪಕ್ಕ ಇಟ್ಟು ನೋಡು: 96ಕ್ಕೆ 10 ± 2, ನೂರಕ್ಕೆ ಬರೀ 10, 104ಕ್ಕೆ 10 ± 2ಐ. ನೂರರಿಂದ ಈ ಕಡೆ ನಾಲ್ಕು ಸರಿದರೆ 2, ಆ ಕಡೆ ನಾಲ್ಕು ಸರಿದರೆ 2ಐ. ಅಂದರೆ ಆ 2ಐ ಎಲ್ಲಿಂದಲೋ ಉದುರಿದ್ದಲ್ಲ. ಜಾಲರಿ ಎಷ್ಟು ಸಾಲಲಿಲ್ಲ ಅನ್ನೋ ಲೆಕ್ಕ ಅದರಲ್ಲೇ ಇದೆ.

ಹಾಗಂತ ಅಂಗಡಿಗೆ ಹೋಗಿ 2ಐ ಅಡಿ ಜಾಲರಿ ಕೊಡಿ ಅನ್ನೋದಕ್ಕೆ ಆಗಲ್ಲ. ಅಪ್ಪನಿಗೆ ನೀನು ಹೇಳಬೇಕಾದ್ದು ‘ಆಗಲ್ಲಪ್ಪ, ಸಾಲಲ್ಲ’ ಅಂತಲೇ. ದೊಡ್ಡಿಯ ಪ್ರಶ್ನೆಗೆ ಹತ್ತನೇ ಕ್ಲಾಸಿನ ಉತ್ತರವೇ ಸರಿ. 1545ರಲ್ಲಿ ಇಟಲಿಯ ಗಣಿತಜ್ಞ ಕಾರ್ಡಾನೊ ಇಂಥದ್ದೇ ಲೆಕ್ಕ ಮಾಡಿದ. ಹತ್ತನ್ನು ಎರಡು ಪಾಲು ಮಾಡು, ಗುಣಿಸಿದರೆ 40 ಬರಲಿ ಅಂತ. 5 + √−15, 5 − √−15 ಅಂತ ಉತ್ತರ ತೆಗೆದ, ಗುಣಿಸಿಯೂ ತೋರಿಸಿದ. ಕೊನೆಗೆ, ಇದು ಎಷ್ಟು ಸೂಕ್ಷ್ಮವೋ ಅಷ್ಟೇ ನಿರುಪಯೋಗಿ ಅನ್ನೋ ಅರ್ಥದ ಮಾತು ಬರೆದು ಕೈ ತೊಳೆದುಕೊಂಡ.

ಅವನಿಗಿಂತ ಸುಮಾರು ಏಳುನೂರು ವರ್ಷ ಮೊದಲೇ ನಿನ್ನ ಪ್ರಶ್ನೆ ನಿನ್ನ ಬಸ್ಸಿನ ದಾರಿಯಲ್ಲೇ ಬಂದು ಹೋಗಿದೆ. ಕಾಗಿಣಾ ಹೊಳೆ ದಾಟುವಾಗ ಮಳಖೇಡ ಕೋಟೆ ಕಾಣುತ್ತಲ್ಲ, ಅದೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿ ಅಮೋಘವರ್ಷ ನೃಪತುಂಗ ಆಳುತ್ತಿದ್ದ ಕಾಲದಲ್ಲಿ, ಸುಮಾರು 850ರ ಹೊತ್ತಿಗೆ, ಮಹಾವೀರಾಚಾರ್ಯ ಅನ್ನೋ ಜೈನ ಗಣಿತಜ್ಞ ‘ಗಣಿತಸಾರಸಂಗ್ರಹ’ ಬರೆದ. ಪುಸ್ತಕದ ಶುರುವಿಗೇ ನೃಪತುಂಗನ ಹೊಗಳಿಕೆ ಇದೆ. ಆ ಪುಸ್ತಕದಲ್ಲಿ ಮಹಾವೀರ ಋಣ ಸಂಖ್ಯೆಯ ವರ್ಗಮೂಲದ ಬಗ್ಗೆ ನೇರವಾಗಿ ಹೇಳಿದ್ದಾನೆ: ಧನದ ವರ್ಗವೂ ಧನ, ಋಣದ ವರ್ಗವೂ ಧನ; ಋಣ ಅನ್ನೋದು ಸ್ವಭಾವದಿಂದಲೇ ಯಾವುದರ ವರ್ಗವೂ ಅಲ್ಲ, ಹಾಗಾಗಿ ಅದಕ್ಕೆ ವರ್ಗಮೂಲ ಇಲ್ಲ.

ಐ ಥರದ ಕಾಲ್ಪನಿಕ ಸಂಖ್ಯೆಗಳನ್ನು ಕಂಡುಹಿಡಿದದ್ದೇ ನಮ್ಮ ಮಳಖೇಡದವರು ಅಂತ ಯಾರಾದರೂ ಎದೆ ತಟ್ಟಿಕೊಂಡರೆ ಒಪ್ಪಬೇಡ. ಮಹಾವೀರ ಹೇಳಿದ್ದು ತದ್ವಿರುದ್ಧ. ಆದರೆ ಅವನ ಮೇಲೆ ನನಗೆ ಗೌರವ ಇರೋದು ಅದಕ್ಕೇ. ‘ಬರಲ್ಲ’ ಅಂತ ಬಿಡಲಿಲ್ಲ, ಯಾಕೆ ಬರಲ್ಲ ಅಂತ ಹೇಳಿದ. ಅವನ ಕಾರಣ ಇವತ್ತಿಗೂ ಸರಿ. ವಾಸ್ತವ ಸಂಖ್ಯೆಗಳ ಒಳಗೆ ಅದನ್ನು ಯಾರೂ ಸುಳ್ಳು ಮಾಡೋಕ್ಕಾಗಲ್ಲ. ದಾರಿ ಇದ್ದದ್ದು ಆ ಸಂಖ್ಯೆಗಳಿಂದ ಹೊರಗೆ, ಪಕ್ಕಕ್ಕೆ.

ಪಕ್ಕಕ್ಕೆ ಅಂದೆನಲ್ಲ, ಅದನ್ನು ಮೈಯಲ್ಲೇ ಮಾಡಿ ನೋಡು. ಶಾಹಾಬಾದ್ ಫರಸಿ ಹಾಸಿದ ಕೋಣೆ ಇದ್ದರೆ ಸಾಕು, ನಮ್ಮ ಕಡೆ ಅದಕ್ಕೇನು ಬರ. ಚೌಕ ಕಲ್ಲುಗಳ ನಡುವಿನ ಒಂದು ಉದ್ದ ಸಂದಿಯನ್ನು ಸಂಖ್ಯಾರೇಖೆ ಅಂದುಕೋ. ನಡುವೆ ಒಂದು ಕಡೆ ಸೊನ್ನೆ. ಅಲ್ಲಿ ನಿಂತು ಧನದ ಕಡೆ ಮುಖ ಮಾಡು. ಈಗ −1ರಿಂದ ಗುಣಿಸೋದು ಅಂದರೆ ಏನು? 3 ಹೋಗಿ −3 ಆಗುತ್ತೆ, ಅಂದರೆ ಪೂರ್ತಿ ಹಿಂದಕ್ಕೆ ತಿರುಗಿದ ಹಾಗೆ. ಎನ್‌ಸಿಸಿಯಲ್ಲಿ ಕೂಗುತ್ತಾರಲ್ಲ, ‘ಪೀಛೇ ಮುಡ್’. ಎರಡು ಸಲ ಪೀಛೇ ಮುಡ್ ಮಾಡಿದರೆ ಮೊದಲಿದ್ದ ಕಡೆಗೇ ಮುಖ. ಮೈನಸ್ ಇಂಟು ಮೈನಸ್ ಪ್ಲಸ್ ಅಂದರೆ ಇಷ್ಟೇ.

ಹಾಗಾದರೆ −1ರ ವರ್ಗಮೂಲ ಏನು ಅನ್ನೋ ಪ್ರಶ್ನೆ ಹೀಗಾಯಿತು: ಯಾವುದನ್ನು ಎರಡು ಸಲ ಮಾಡಿದರೆ ಒಂದು ಪೀಛೇ ಮುಡ್ ಆಗುತ್ತೆ? ‘ಬಾಯೇ ಮುಡ್’. ಎಡಕ್ಕೆ ಕಾಲು ಸುತ್ತು, ಮತ್ತೆ ಎಡಕ್ಕೆ ಕಾಲು ಸುತ್ತು. ಅದೇ ಐ. ‘ದಾಹಿನೇ ಮುಡ್’ ಎರಡು ಸಲ ಮಾಡಿದರೂ ಮುಖ ಹಿಂದಕ್ಕೇ ಆಗುತ್ತೆ, ಅದು −ಐ. ಮೂಲಗಳು ಯಾಕೆ ಎರಡು, ಯಾಕೆ ಜೋಡಿಯಾಗಿ ಬರುತ್ತವೆ ಅನ್ನೋದೂ ಇಲ್ಲೇ ಸಿಕ್ಕಿತು ನೋಡು. ಸಂದಿಯ ಮೇಲೇ ನಡೆಯಬೇಕು ಅಂತ ಹಟ ಹಿಡಿದರೆ ಮುಂದೆ, ಹಿಂದೆ ಅನ್ನೋ ಎರಡೇ ದಿಕ್ಕು. ಮಹಾವೀರ ಹೇಳಿದ್ದು ಅಲ್ಲಿಯ ಖರೆ. ಪಕ್ಕದ ಕಲ್ಲುಗಳ ಮೇಲೂ ಕಾಲಿಡಬಹುದು ಅಂದರೆ 10 + 2ಐ ಅನ್ನೋದು ಬರೀ ಒಂದು ವಿಳಾಸ: ಸಂದಿಗುಂಟ ಹತ್ತು ಕಲ್ಲು ಹೋಗು, ಎಡಕ್ಕೆ ತಿರುಗು, ಎರಡು ಕಲ್ಲು ಹೋಗು. ಹೀಗೆ ಈ ಸಂಖ್ಯೆಗಳಿಗೆ ನೆಲದ ಮೇಲೆ ಜಾಗ ತೋರಿಸಿದ ಮೊದಲಿಗರಲ್ಲಿ ಕ್ಯಾಸ್ಪರ್ ವೆಸೆಲ್ ಒಬ್ಬ, 1797ರಲ್ಲಿ. ಅವನ ಕಸುಬು ಏನು ಗೊತ್ತಾ? ಭೂಮಿ ಅಳೆಯುವ ಸರ್ವೇಯರ್.

ಈಗ ಗ್ರಾಫ್. ನನಗೆ ಇಷ್ಟವಾದ ಪ್ರಶ್ನೆ ಇದು, ಯಾಕಂದರೆ ಕಾಲೇಜಲ್ಲಿ ನಾನೂ ಇದನ್ನೇ ಕೇಳಿ ‘ಪರೀಕ್ಷೆಗೆ ಬರಲ್ಲ, ಕೂಡು’ ಅನ್ನಿಸಿಕೊಂಡಿದ್ದೆ. ಮನೆಯಲ್ಲಿ ಹಳೆಯ ಲಗ್ನಪತ್ರಿಕೆಗಳು ಬಿದ್ದಿರುತ್ತವೆ. ಗಟ್ಟಿ ರಟ್ಟಿನ ಎರಡು ತಗೋ. ಮೊದಲನೆಯದರ ಕೆಳಗಿನ ಅಂಚೇ ಎಕ್ಸ್ ಅಕ್ಷ. ಅಂಚಿನ ಗುಂಟ ಒಂದು ಸೆಂಟಿಮೀಟರಿಗೆ ಒಂದು ಅಂತ 7ರಿಂದ 13ರವರೆಗೆ ಗುರುತು ಹಾಕು. ನಮ್ಮ 104ರ ಸಮೀಕರಣವನ್ನು ವರ್ಗ ಪೂರ್ಣಗೊಳಿಸಿ ಬರೆದರೆ (ಎಕ್ಸ್ − 10)² + 4. ಹತ್ತರಲ್ಲಿ ಎತ್ತರ 4 ಸೆಂಟಿಮೀಟರ್, 9 ಮತ್ತು 11ರಲ್ಲಿ 5, 8 ಮತ್ತು 12ರಲ್ಲಿ 8, 7 ಮತ್ತು 13ರಲ್ಲಿ 13. ಚುಕ್ಕಿ ಸೇರಿಸಿದರೆ ಬಟ್ಟಲಿನಂಥ ಪರವಲಯ. ಕಾರ್ಡನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸು. ಮೂಲ ಅಂದರೆ ಎತ್ತರ ಸೊನ್ನೆಯಾಗುವ ಜಾಗ, ಆದರೆ ಬಟ್ಟಲಿನ ತಳ ಮೇಜಿಗೆ ತಾಗೋದಿಲ್ಲ, ನಾಲ್ಕು ಸೆಂಟಿಮೀಟರ್ ಮೇಲೇ ನಿಂತಿದೆ. ನೀನು ಕಾಣಲ್ಲ ಅಂದದ್ದು ಇದನ್ನೇ.

ಎಕ್ಸ್ ಜಾಗದಲ್ಲಿ 10 + 3 ಹಾಕಿದರೆ ಎತ್ತರ 9 + 4, ಅಂದರೆ 13. ಅದೇ 10 + 3ಐ ಹಾಕು. 3ಐ ವರ್ಗ ಮಾಡಿದರೆ −9. ಎತ್ತರ −9 + 4, ಅಂದರೆ −5. 10 + ಐ ಹಾಕಿದರೆ −1 + 4, ಅಂದರೆ 3. ಐ ಕಡೆಗೆ ಹೋದಷ್ಟೂ ಎತ್ತರ ಏರುವ ಬದಲು ಇಳಿಯುತ್ತಿದೆ, ನೋಡಿದೆಯಾ? ಎರಡನೇ ಕಾರ್ಡಿನ ಮೇಲೆ ಈ ಇಳಿಜಾರನ್ನೇ ಬರೆಯಬೇಕು. ನಡುವೆ ಎತ್ತರ 4, ಅದರಿಂದ ಒಂದು ಸೆಂಟಿಮೀಟರ್ ಆಚೆ ಈಚೆ 3, ಎರಡು ಸೆಂಟಿಮೀಟರ್ ಆಚೆ ಈಚೆ 0. ಕಮಾನು ಆಯಿತು. ಅದನ್ನು ಕತ್ತರಿಸಿ, ಮೊದಲ ಕಾರ್ಡಿನ ಹತ್ತರ ಗುರುತಿನ ಹತ್ತಿರ ಅಡ್ಡಕ್ಕೆ, ಲಂಬಕೋನದಲ್ಲಿ ನಿಲ್ಲಿಸು. ಒಂದು ಸೀಳು ಹಾಕಿ ಸಿಕ್ಕಿಸಿದರೆ ತಾನೇ ನಿಲ್ಲುತ್ತೆ. ಬಟ್ಟಲಿನ ತಳ ಮತ್ತು ಕಮಾನಿನ ನೆತ್ತಿ ಒಂದೇ ಚುಕ್ಕಿಯಲ್ಲಿ ಕೂಡುತ್ತವೆ. ಕಮಾನಿನ ಎರಡು ಕಾಲು ಮೇಜಿನ ಮೇಲೆ ಊರಿವೆ, ಒಂದು ನಿನ್ನ ಕಡೆ ಎರಡು ಸೆಂಟಿಮೀಟರಿಗೆ, ಇನ್ನೊಂದು ಆ ಕಡೆ ಎರಡು ಸೆಂಟಿಮೀಟರಿಗೆ.

ಆ ಕಾಲುಗಳೇ 10 + 2ಐ, 10 − 2ಐ. ಮೂಲಗಳು ಇರೋದು ಮೇಜಿನ ಮೇಲೆ. ನೀನು ಹುಡುಕಿದ್ದು ಕಾರ್ಡಿನ ಅಂಚಿನ ಮೇಲೆ ಮಾತ್ರ.

ಚುರುಕು ಹುಡುಗರು ಇಲ್ಲಿ ಒಂದು ಕೊಕ್ಕೆ ಹಾಕುತ್ತಾರೆ: ಎರಡನೇ ಕಾರ್ಡು ಹತ್ತರ ಹತ್ತಿರವೇ ಯಾಕೆ, ಹನ್ನೊಂದರ ಹತ್ತಿರ ಯಾಕಿಲ್ಲ? 11 + 2ಐ ಹಾಕಿ ನೋಡು. ಹತ್ತು ಕಳೆದರೆ 1 + 2ಐ. ವರ್ಗ ಮಾಡಿದರೆ 1 + 4ಐ − 4. ನಾಲ್ಕು ಕೂಡಿದರೆ 1 + 4ಐ. ಎತ್ತರದಲ್ಲೇ ಐ ಸೇರಿಕೊಂಡಿತು, ರಟ್ಟಿನ ಮೇಲೆ ಅದನ್ನು ಎಲ್ಲಿ ಬರೆಯೋದು? ಎತ್ತರ ವಾಸ್ತವ ಸಂಖ್ಯೆಯಾಗಿ ಉಳಿಯೋದು ಈ ಎರಡು ಕಾರ್ಡುಗಳ ಮೇಲೆ ಮಾತ್ರ. ಸೊನ್ನೆಯೂ ವಾಸ್ತವ ಸಂಖ್ಯೆಯೇ, ಹಾಗಾಗಿ ಮೂಲ ಹುಡುಕೋಕೆ ಇವೆರಡೇ ಸಾಕು.

ಹೆಸರಿನ ಬಗ್ಗೆ ಒಂದು ಮಾತು. 10 + 2ಐ ಥರದವಕ್ಕೆ ‘ಸಂಕೀರ್ಣ ಸಂಖ್ಯೆ’ ಅಂತ ಹೆಸರು. ‘ಸಂಕೀರ್ಣ’ ಅಂದ ಕೂಡಲೇ ಮಕ್ಕಳು ತೊಡಕು ಅಂದುಕೊಂಡು ಹೆದರುತ್ತಾರೆ. ಇಲ್ಲಿ ಅದರ ಅರ್ಥ ಎರಡು ಭಾಗ ಕೂಡಿದ್ದು ಅಂತ ಅಷ್ಟೇ. ಕೆಲವರು ‘ಸಮ್ಮಿಶ್ರ ಸಂಖ್ಯೆ’ ಅನ್ನುತ್ತಾರೆ, ನನಗೆ ಅದೇ ಹೆಚ್ಚು ಸರಿ ಅನಿಸುತ್ತೆ. ‘ಕಾಲ್ಪನಿಕ’ ಅನ್ನೋ ಹೆಸರಂತೂ ಹೀಯಾಳಿಕೆ. 1637ರಲ್ಲಿ ಫ್ರಾನ್ಸಿನ ಡೆಕಾರ್ಟ್ ಇವನ್ನು ಹಾಗೆ ಕರೆದ, ಅದೇ ಅಂಟಿಕೊಂಡಿತು.

ನಿಜ ಹೇಳಬೇಕಂದರೆ ವರ್ಗ ಸಮೀಕರಣಕ್ಕಾಗಿಯೇ ಯಾರೂ ಇವನ್ನು ಒಪ್ಪಿಕೊಳ್ಳಲಿಲ್ಲ. ‘ಉತ್ತರ ಇಲ್ಲ’ ಅಂದುಬಿಟ್ಟರೆ ಮುಗಿಯುತ್ತಿತ್ತು. ಕೈ ಹಿಡಿದು ನಿಲ್ಲಿಸಿದ್ದು ಘನ ಸಮೀಕರಣ. ಎಕ್ಸ್³ = 15ಎಕ್ಸ್ + 4 ತಗೋ. ಎಕ್ಸ್ 4 ಅಂತ ಹಾಕಿದರೆ ಎಡಕ್ಕೆ 64, ಬಲಕ್ಕೂ 64. ಉತ್ತರ ಕಣ್ಣೆದುರಿಗೇ ಇದೆ. ಆದರೆ ಘನ ಸಮೀಕರಣಕ್ಕಿರುವ ಕಾರ್ಡಾನೊನ ಸೂತ್ರ ಹಾಕಿದರೆ 2 + √−121, 2 − √−121 ಇವುಗಳ ಘನಮೂಲ ತೆಗೆದು ಕೂಡು ಅನ್ನುತ್ತೆ; ನಡುವೆ √−121, ಅಂದರೆ 11ಐ, ಬಂದು ಕೂಡುತ್ತೆ! ಇಲ್ಲಿ ‘ಇಲ್ಲ’ ಅನ್ನೋ ಹಾಗಿಲ್ಲ. 1572ರಲ್ಲಿ ಇಟಲಿಯವನೇ ಆದ ಬೊಂಬೆಲ್ಲಿ ಹೆದರದೆ ಮುಂದಕ್ಕೆ ಹೋದ. 2 + ಐ ಅನ್ನೋದರ ಘನ 2 + 11ಐ ಅಂತ ಗುರುತಿಸಿದ. ನೀನೂ ಮೂರು ಸಲ ಗುಣಿಸಿ ನೋಡಬಹುದು. ಕೊನೆಗೆ 2 + ಐ ಮತ್ತು 2 − ಐ ಕೂಡಿದರೆ ಐಗಳು ಹೋಗಿ ಸರಿಯಾಗಿ 4 ಉಳಿಯಿತು. ಸೇಡಂನಿಂದ ಕಲಬುರಗಿಗೆ ಬರಬೇಕಾದರೆ ಕಾಗಿಣಾ ದಾಟಲೇಬೇಕು, ಹೊಳೆಯಲ್ಲಿ ಮನೆ ಕಟ್ಟೋದಿಲ್ಲ ಅಂತ ಹೊಳೆಯೇ ಇಲ್ಲ ಅನ್ನೋಕ್ಕಾಗುತ್ತಾ?

ಇನ್ನು ಕೆಲಸಕ್ಕೆ ಬರುತ್ತಾ ಅಂದೆ. ಯಾರದಾದರೂ ಹಳೆಯ ಬೈಕಿನ ಹಿಂದೆ ಕೂತು ಸ್ಪೀಡ್ ಬ್ರೇಕರ್ ಹಾರಿಸಿದ್ದೀಯಾ? ಶಾಕ್ ಅಬ್ಸಾರ್ಬರಿನ ಆಯಿಲ್ ಸೋರಿಹೋಗಿದ್ದರೆ ಗಾಡಿ ಒಂದು ಸಲ ಕುಕ್ಕಿ ನಿಲ್ಲೋದಿಲ್ಲ. ಮೇಲೆ ಕೆಳಗೆ, ಮೇಲೆ ಕೆಳಗೆ ಅಂತ ನಾಲ್ಕೈದು ಸಲ ತೂಗಿ ಆಮೇಲೆ ಸುಮ್ಮನಾಗುತ್ತೆ. ಈ ತೂಗಾಟದ ಲೆಕ್ಕ ಮುಂದೆ ಬಿ.ಎಸ್ಸಿ ಅಥವಾ ಇಂಜಿನಿಯರಿಂಗಲ್ಲಿ ಬರುತ್ತೆ. ಅದರ ಹೊಟ್ಟೆಯಲ್ಲಿ ಇರೋದು ಒಂದು ವರ್ಗ ಸಮೀಕರಣ. ಅಂಕಿ ನಾನು ಸುಲಭಕ್ಕೆ ಆರಿಸಿದ್ದು: ಎಕ್ಸ್² + 4ಎಕ್ಸ್ + 104 = 0. ನಮ್ಮ 104 ಇಲ್ಲೂ ಬಂತು. ಈ ಸಲ ಅದು ಸ್ಪ್ರಿಂಗಿನ ಬಿಗಿ ಮತ್ತು ಗಾಡಿಯ ಭಾರದಿಂದ ಬಂದದ್ದು. ನಡುವಿನ 4 ಆಯಿಲಿನ ತಡೆ.

ಶೋಧಕ 16 − 416, ಅಂದರೆ −400. ಮೂಲಗಳು −2 ± 10ಐ. ಈಗ ಓದು. 10 ಅನ್ನೋದು ತೂಗುವ ವೇಗ. 2π ಅನ್ನು ಹತ್ತರಿಂದ ಭಾಗಿಸಿದರೆ ಸುಮಾರು 0.63 ಸೆಕೆಂಡು, ಒಂದು ಸಲ ಮೇಲೆ ಕೆಳಗೆ ಹೋಗಿ ಬರೋಕೆ ಬೇಕಾದ ಸಮಯ. −2 ಅನ್ನೋದು ತೂಗಾಟ ಸಾಯುವ ವೇಗ. ಮೈನಸ್ ಇರೋದರಿಂದಲೇ ಸಾಯುತ್ತೆ, ಪ್ಲಸ್ ಇದ್ದಿದ್ದರೆ ಬೆಳೆಯುತ್ತಾ ಹೋಗುತ್ತಿತ್ತು. ಒಂದು ತೂಗು ಮುಗಿಯೋ ಹೊತ್ತಿಗೆ ಅದರ ಎತ್ತರ ಮೊದಲಿನದರ ನಾಲ್ಕನೇ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ ಉಳಿದಿರುತ್ತೆ. ನಿನ್ನ ಬೆನ್ನಿಗೆ ಗೊತ್ತಾಗುವ ಎರಡೂ ಸಂಗತಿ ಆ ಒಂದೇ ಸಂಖ್ಯೆಯ ಎರಡು ಭಾಗಗಳಲ್ಲಿವೆ.

ಅದೇ ಗಾಡಿಗೆ ತಡೆ ವಿಪರೀತ ಹೆಚ್ಚಿಸಿ 4ರ ಬದಲು 21 ಮಾಡಿದೆವು ಅನ್ನು. ಶೋಧಕ 441 − 416, ಅಂದರೆ 25. ಮೂಲಗಳು −8 ಮತ್ತು −13. ಐ ಹೋಯಿತು, ತೂಗಾಟವೂ ಹೋಯಿತು. ಗಾಡಿ ತೂಗದೆ ಮೆಲ್ಲಗೆ ತನ್ನ ಜಾಗಕ್ಕೆ ಬಂದು ನಿಲ್ಲುತ್ತೆ. ಹಾಗೆ ಬಿಗಿ ಮಾಡಿದರೆ ಸವಾರಿ ಗಟ್ಟಿಯಾಗಿ ಸೊಂಟ ಹಿಡಿಯುತ್ತೆ ಅನ್ನೋದು ಬೇರೆ ಮಾತು. ಅದಕ್ಕೇ ಗಾಡಿ ಮಾಡುವವರು ಇವೆರಡರ ನಡುವೆ ಎಲ್ಲೋ ಇಡುತ್ತಾರೆ.

ಈಗ ದೊಡ್ಡಿಯನ್ನೂ ಬೈಕನ್ನೂ ಪಕ್ಕಪಕ್ಕ ಇಡು. ಎರಡರಲ್ಲೂ ಶೋಧಕ ಮೈನಸ್. ದೊಡ್ಡಿಯಲ್ಲಿ ಕೇಳಿದ್ದು ಅಡಿಗಳನ್ನು, ಹಾಗಾಗಿ ಉತ್ತರ ‘ಆಗಲ್ಲ’. ಬೈಕಿನಲ್ಲಿ ಕೇಳಿದ್ದು ನಡೆಯನ್ನು, ಹಾಗಾಗಿ ಉತ್ತರ ‘ತೂಗುತ್ತೆ, ಇಷ್ಟು ವೇಗದಲ್ಲಿ’. ಪರೀಕ್ಷೆಯಲ್ಲಿ ಪ್ರಶ್ನೆ ವಾಸ್ತವ ಮೂಲಗಳನ್ನು ಕೇಳಿದೆಯೋ ಬರೀ ಮೂಲಗಳನ್ನೋ ಅಂತ ಓದು, ನಿನ್ನ ಗೊಂದಲದ ಮುಕ್ಕಾಲು ಅಲ್ಲೇ ಹೋಗುತ್ತೆ. ಕರೆಂಟಿನ ಕಡೆಯೂ ಇದೇ ಆಟ. ಅಲ್ಲಿ ಐ ಅಕ್ಷರವನ್ನು ಕರೆಂಟಿಗೇ ಕೊಟ್ಟುಬಿಟ್ಟಿರೋದರಿಂದ ಎಲೆಕ್ಟ್ರಿಕಲ್‌ನವರು ಇದನ್ನು ಜೆ ಅಂತ ಬರೆಯುತ್ತಾರೆ. ಅಣ್ಣನೋ ಅಕ್ಕನೋ ಡಿಪ್ಲೊಮಾ ಓದುತ್ತಿದ್ದರೆ ಅವರ ಪುಸ್ತಕ ನೋಡಿ ಗಾಬರಿಯಾಗಬೇಡ.

ಮಾರ್ಕ್ಸ್ ಕಳೆಯೋ ಒಂದು ಗುಂಡಿ ಇದೆ, ತೋರಿಸಿಬಿಡುತ್ತೇನೆ. √−4 ಮತ್ತು √−9 ಗುಣಿಸು ಅಂದರೆ ಎಲ್ಲರೂ ಒಳಗಿನ ಸಂಖ್ಯೆಗಳನ್ನು ಗುಣಿಸಿ √36, ಅಂದರೆ 6 ಅನ್ನುತ್ತಾರೆ. ತಪ್ಪು. ಮೊದಲು ಐ ಹೊರಗೆ ತೆಗೆ: 2ಐ ಇಂಟು 3ಐ, ಅಂದರೆ 6ಐ², ಉತ್ತರ −6. ವರ್ಗಮೂಲಗಳನ್ನು ಒಂದೇ ಗೂಡಿಗೆ ಹಾಕುವ ಆ ನಿಯಮ ಎರಡೂ ಋಣವಾಗಿದ್ದರೆ ನಡೆಯೋದಿಲ್ಲ. ಹಾಗೇ 10 + 2ಐ ದೊಡ್ಡದೋ 10 − 2ಐ ದೊಡ್ಡದೋ ಅಂತ ಕೇಳಬೇಡ. ಫರಸಿಯ ಮೇಲೆ ಎಡಗಡೆಯ ಕಲ್ಲು ದೊಡ್ಡದೋ ಬಲಗಡೆಯದೋ ಅಂದ ಹಾಗಾಗುತ್ತೆ.

ಕಾರ್ಡುಗಳನ್ನು ಬಿಸಾಡಬೇಡ. ಅದೇ 40 ಅಡಿ ಜಾಲರಿಗೆ ಅಪ್ಪ ಈ ಸಲ 125 ಚದರ ಅಡಿ ಕೇಳಿದರು ಅಂದುಕೋ. ಬಟ್ಟಲಿನ ತಳ ಈಗ ಮೇಜಿನಿಂದ 25 ಸೆಂಟಿಮೀಟರ್ ಮೇಲಿರುತ್ತೆ, ಲಗ್ನಪತ್ರಿಕೆ ಸಾಲಲ್ಲ, ಮನಸ್ಸಲ್ಲೇ ನಿಲ್ಲಿಸಿಕೋ. ಕಮಾನಿನ ಕಾಲು ಎಷ್ಟು ದೂರಕ್ಕೆ ಬೀಳುತ್ತೆ ಅಂತ ಮೊದಲು ಬರೆದಿಡು, ಸೂತ್ರ ಆಮೇಲೆ ಹಾಕು.